ಅಣ್ಣನಿಗೊಂದು ಗುಡ್ಡದ ಸುತ್ತು

ನಮ್ಮೂರು ಮಾದನಹಿಪ್ಪರಗಾದಲ್ಲಿ ಹೇಳಿಕೊಳ್ಳುವಂಥ ಗುಡ್ಡ ಇಲ್ಲ. ಊರಾಚೆ ನಿಂತು ನೋಡಿದರೆ ತೊಗರಿ, ಜೋಳ, ಮತ್ತೆ ತೊಗರಿ... ಅಲ್ಲಿ ಸೈಕಲ್ ಹೊಡೆಯುವವನಿಗೆ ಶತ್ರುಗಳು ಎರಡೇ. ಒಂದು ಎದುರುಗಾಳಿ, ಇನ್ನೊಂದು ಮಳೆ ಬಂದ ಮೇಲಿನ ಎರೆಮಣ್ಣು. ಎರೆ ನೀರು ಕುಡಿದರೆ ಉಬ್ಬಿ ಅಂಟಾಗುತ್ತೆ. ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವೆ ತುಂಬಿಕೊಂಡು ಸೈಕಲ್ ನಿಂತೇಬಿಡುತ್ತೆ. ಆಗ ಅಣ್ಣ ತೊಗರಿ ಕಟ್ಟಿಗೆಯಿಂದ ಮಣ್ಣು ಕೆರೆದು ಕೆರೆದು, ಕೊನೆಗೆ ಸೈಕಲ್ಲನ್ನೇ ಹೆಗಲ ಮೇಲೆ ಹೊತ್ತುಕೊಂಡು ನಡೆಯುತ್ತಿದ್ದ. ಚಪ್ಪಲಿ ಕೈಯಲ್ಲಿ ಹಿಡಿದು ಹಿಂದೆ ನಾನು. "ಸಾಕಾತೇನು ಅಣ್ಣಾ?" ಅಂದರೆ ಯಾವಾಗಲೂ ಒಂದೇ ಉತ್ತರ: "ಏನಿಲ್ಲ, ನಡಿ ನಡಿ."

ಆ ಅಣ್ಣನಿಗೆ ಈಗ 57. ನಾನು ಓದಲಿ ಅಂತ ತಾನು ಹೊಲ ಹಿಡಿದವನು. ಎರಡು ವರ್ಷದಿಂದ ಶುಗರ್ ಬಂದಿದೆ. ಬರುವ ಡಿಸೆಂಬರಿನಲ್ಲಿ ಬೆಂಗಳೂರಿಗೆ ಬರುತ್ತಿದ್ದಾನೆ. ನಮ್ಮ ಫ್ಲ್ಯಾಟಿನಲ್ಲಿ ಅವನಿಗೆ ಎರಡನೇ ದಿನಕ್ಕೇ ಬೇಜಾರು. ಹೋದ ಸಲ ಬಂದಾಗ ನನ್ನ ಗೇರ್ ಸೈಕಲ್ ಮುಟ್ಟಿ ನೋಡಿ, "ಇದರ ಮ್ಯಾಲ ಗುಡ್ಡ ಏರಬಹುದೇನು?" ಅಂದಿದ್ದ. ಅದು ನನ್ನ ತಲೆಯಲ್ಲೇ ಉಳಿದಿತ್ತು.

ಸರಿ, ನಕ್ಷೆ ತೆಗೆದು ಕೂತೆ. ಹತ್ತಿರದ ಗುಡ್ಡ ಅಂದರೆ ನಂದಿಬೆಟ್ಟವೇ. ಎತ್ತರ 1478 ಮೀಟರ್, ಬುಡದ ಬಯಲೇ 900 ಮೀಟರಿಗಿಂತ ಮೇಲಿದೆ. ನಂದಿ, ಸ್ಕಂದಗಿರಿ, ಚನ್ನಗಿರಿ, ಬ್ರಹ್ಮಗಿರಿ, ದಿವ್ಯಗಿರಿ ಹೀಗೆ ಸಾಲಾಗಿ ಕೂತ ಕಲ್ಲುಬೆಟ್ಟಗಳು. ಕೆಳಗೆ ದ್ರಾಕ್ಷಿ ತೋಟ, ಹಿಪ್ಪುನೇರಳೆ, ಕೆಂಪು ಮಣ್ಣಿನ ದಾರಿಗಳು. ಇಂಗ್ಲಿಷಿನವರು ಇಂಥ ದಾರಿಗೆಲ್ಲ 'ಗ್ರಾವೆಲ್' ಅನ್ನೋ ಒಂದೇ ಹೆಸರು ಇಟ್ಟಿದ್ದಾರೆ. ನಮ್ಮ ಕಡೆ ಗರಸು ಬೇರೆ, ಜಲ್ಲಿ ಬೇರೆ, ಬಂಡಿ ದಾರಿ ಬೇರೆ. ಸೈಕಲ್ಲಿಗೂ ಅವು ಬೇರೆ ಬೇರೆಯೇ ಅನ್ನಿ! ಕಲ್ಲು ಸವೆದು ಆದ ಗರಸು ಗಟ್ಟಿಯಾಗಿ ಕೂತಿರುತ್ತೆ, ಚಕ್ರ ಹಿಡಿಯುತ್ತೆ. ಹೊಸದಾಗಿ ಸುರಿದ ಜಲ್ಲಿ ತಿರುವಿನಲ್ಲಿ ಉರುಳಿಸಿಬಿಡುತ್ತೆ.

ನನ್ನ ಮೊದಲ ಪ್ಲಾನು ಭರ್ಜರಿಯಾಗಿತ್ತು. ಕಾರಹಳ್ಳಿ ಕ್ರಾಸಿನಿಂದ ಹೊರಟು ಬೆಟ್ಟದ ತುದಿವರೆಗೆ ಡಾಂಬರು, ಇಳಿದು ಬುಡದ ಮಣ್ಣು ದಾರಿಗಳಲ್ಲಿ ಒಂದು ದೊಡ್ಡ ಸುತ್ತು. ಒಟ್ಟು 48 ಕಿಲೋಮೀಟರ್, 850 ಮೀಟರ್ ಏರು. ಫೈಲಿಗೆ 'ಮಧ್ಯಮ' ಅಂತ ಹೆಸರಿಟ್ಟು ಅಣ್ಣನಿಗೆ ಫೋನ್ ಮಾಡಿ ಕೊಚ್ಚಿಕೊಂಡೆ. ಅವನು ಸುಮ್ಮನೆ ಕೇಳಿಸಿಕೊಂಡು ಮೂರು ಪ್ರಶ್ನೆ ಕೇಳಿದ.

"ನೀರು ಎಲ್ಲೆಲ್ಲಿ ಸಿಗತಾವ? ನೆಳ್ಳು ಎಲ್ಲದ? ನಡುದಾರ್ಯಾಗ ಒಬ್ಬಂವಗ ಆಗಲ್ಲಂದ್ರ ಹೊಳ್ಳಿ ಬರೋದು ಹ್ಯಾಂಗ?"

ನನ್ನ ಹತ್ತಿರ ಒಂದಕ್ಕೂ ಉತ್ತರ ಇರಲಿಲ್ಲ. ಕಿಲೋಮೀಟರ್ ಲೆಕ್ಕ ಇತ್ತು, ಅಷ್ಟೇ.

ಮುಂದಿನ ಭಾನುವಾರ ನಸುಕಿನಲ್ಲಿ ಒಬ್ಬನೇ ಹೋದೆ. ಬೆಟ್ಟದ ಕೆಲವು ತಿರುವುಗಳಲ್ಲಿ ನೂರು ಮೀಟರ್ ಸಾಗುವಷ್ಟರಲ್ಲಿ ಹತ್ತು ಮೀಟರಿಗಿಂತ ಹೆಚ್ಚು ಏರಬೇಕು. ನಾನೇ ಎರಡು ಕಡೆ ಇಳಿದು ತಳ್ಳಿದೆ. ಮೇಲಿಂದ ಸೂರ್ಯೋದಯ ನೋಡಲು ಬಂದವರ ಕಾರು, ಬೈಕುಗಳ ಸಾಲು. ಕೆಳಗಿನ ಮಣ್ಣು ದಾರಿಯಲ್ಲಿ ಹತ್ತಕ್ಕಿಂತ ಹೆಚ್ಚು ವೇಗ ದಾಟಲೇ ಇಲ್ಲ. ಡಾಂಬರಿನಲ್ಲಿ ಎರಡು ತಾಸಿನ ದಾರಿ ಇಲ್ಲಿ ನಾಲ್ಕು ತಾಸು. ಅಂದರೆ ನೀರು, ಬಿಸಿಲು ಎರಡೂ ದುಪ್ಪಟ್ಟು. ಶುಗರ್ ಇರುವವರಿಗೆ ಹೆಚ್ಚು ತುಳಿದಾಗ ರಕ್ತದ ಸಕ್ಕರೆ ಒಮ್ಮೆಲೇ ಇಳಿಯುವ ಭಯ ಬೇರೆ.

ವಾಪಸ್ ಬರುವಾಗ ಇನ್ನೊಂದು ವಿಷಯ ಹೊಳೆಯಿತು, ಅದೇ ನನ್ನನ್ನು ನಿಜವಾಗಿ ಹೆದರಿಸಿದ್ದು. ಅಣ್ಣ 'ಆಗಲ್ಲ' ಅಂತ ಬಾಯಿ ಬಿಟ್ಟು ಹೇಳುವವನಲ್ಲ. ಅಪ್ಪ ತೀರಿಕೊಂಡಾಗ ಹೇಳಲಿಲ್ಲ, ಮಳೆ ಕೈಕೊಟ್ಟ ವರ್ಷಗಳಲ್ಲಿ ಹೇಳಲಿಲ್ಲ. ನಂದಿಯ ಏರಿನಲ್ಲಿ ಹೇಳುತ್ತಾನಾ? ತಲೆ ಸುತ್ತಿದರೂ "ನಡಿ ನಡಿ" ಅಂತಲೇ ತುಳಿಯುತ್ತಾನೆ. ಹಾಗಾಗಿ ಬಾಯಿ ಬಿಟ್ಟು ಕೇಳದೆಯೇ ನಿಲ್ಲಬಹುದಾದ ದಾರಿ ಬೇಕಿತ್ತು.

ಎರಡನೇ ಪ್ಲಾನಿಗೆ ತುದಿ ಏರುವುದನ್ನೇ ಕೈಬಿಟ್ಟೆ. ಬೆಟ್ಟ ನೋಡೋದಕ್ಕೆ ಬೆಟ್ಟದ ಮೇಲೇ ಇರಬೇಕು ಅಂತೇನಿಲ್ಲವಲ್ಲ, ಬುಡದಿಂದಲೇ ಅದು ಪೂರ್ತಿ ಕಾಣೋದು. ಸುತ್ತನ್ನು 8 ಅಂಕಿಯ ಹಾಗೆ ಬರೆದೆ. ನಡುವಿನ ಗಂಟು ನಂದಿ ಗ್ರಾಮ. ಒಂಬತ್ತನೇ ಶತಮಾನದಷ್ಟು ಹಳೆಯ ಭೋಗನಂದೀಶ್ವರ ದೇವಸ್ಥಾನ ಅಲ್ಲಿದೆ, ನೆರಳಿದೆ, ಕಲ್ಯಾಣಿಯಿದೆ, ಚಹಾ ಸಿಗುತ್ತೆ. ಮೊದಲ ಸುತ್ತು ಸುಲ್ತಾನಪೇಟೆ ಕಡೆ, ಬೆಟ್ಟದ ಬುಡದಲ್ಲಿ. ಏರು ಏನಿದ್ದರೂ ಇಲ್ಲೇ, ಕಾಲು ತಾಜಾ ಇರುವಾಗಲೇ. ಎರಡನೇದು ಮುದ್ದೇನಹಳ್ಳಿ ಕಡೆ. ವಿಶ್ವೇಶ್ವರಯ್ಯನವರ ಮನೆ ನೋಡಿ ವಾಪಸ್. ಎರಡೂ ಸೇರಿ 28 ಕಿಲೋಮೀಟರ್, ಏರು 300 ಮೀಟರಿನ ಒಳಗೆ. ಮೊದಲ ಸುತ್ತು ಮುಗಿಸಿ ಚಹಾಕ್ಕೆ ಕೂತಾಗ "ಇನ್ನು ದೇವಸ್ಥಾನ ನೋಡೋಣ" ಅಂದರೆ ಮುಗಿಯಿತು. ಯಾರೂ ಸೋತ ಹಾಗಾಗಲ್ಲ.

ಉಳಿದದ್ದು ಸಣ್ಣಪುಟ್ಟವು. ವಾರದ ನಡುವಿನ ದಿನ ಹೋಗುವುದು. ಕಾಡಿನ ಒಳದಾರಿ ಬೇಡ, ಹಳ್ಳಿ ದಾರಿಗಳೇ ಸಾಕು. ಅಗಲದ ಟೈರು, ಗಾಳಿ ಸ್ವಲ್ಪ ಕಡಿಮೆ, ಆಗ ಕಲ್ಲಿನ ಮೇಲೆ ಕುಣಿಯಲ್ಲ. ಅಣ್ಣನ ಊರ ಸೈಕಲ್ಲಿನಲ್ಲಿ ಪೆಡಲ್ ಒಂದು ಸುತ್ತು ಬಂದರೆ ಚಕ್ರ ಸುಮಾರು ಎರಡೂವರೆ ಸುತ್ತು. ಬಾಡಿಗೆಗೆ ತರುವುದರಲ್ಲಿ ಒಂದಕ್ಕೆ ಒಂದೇ ಸುತ್ತಿನ ಗೇರ್ ಇರಬೇಕು, ಏರಿನಲ್ಲಿ ಮೊಣಕಾಲು ಉಳಿಯೋದು ಅದರಿಂದ. ಇಳಿಜಾರಿನಲ್ಲಿ ಮುಂದಿನ ಬ್ರೇಕನ್ನು ಒಮ್ಮೆಲೇ ಅದುಮಬಾರದು ಅಂತ ಮೊದಲೇ ಹೇಳಬೇಕು. ಜೇಬಿನಲ್ಲಿ ಬೆಲ್ಲ. ಮತ್ತೆ, ಇದೆಲ್ಲಕ್ಕೂ ಮೊದಲು ಅವನ ಡಾಕ್ಟರ ಒಪ್ಪಿಗೆ.

ನಿನ್ನೆ ರಾತ್ರಿ ಹೊಸ ದಾರಿಯನ್ನು ಅಣ್ಣನಿಗೆ ವಿವರಿಸಿದೆ. ನೀರು ಇಲ್ಲಿ, ನೆರಳು ಇಲ್ಲಿ, ಹೊಳ್ಳಿ ಬರೋದು ಹೀಗೆ. ಎಲ್ಲ ಕೇಳಿ, ಸ್ವಲ್ಪ ಹೊತ್ತು ಸುಮ್ಮನಿದ್ದು, ಮೆತ್ತಗೆ ಅಂದ:

"ಛಲೋ ಮಾಡೀದಿ ತಮ್ಮಾ. ನೀ ದಿನಾ ಕುರ್ಚಿ ಮ್ಯಾಲ ಕೂಡಾಂವ, ನಿನಗ ದಮ್ಮ ಹತ್ತಿದ್ರ ಹ್ಯಾಂಗ ಅಂತ ಕೇಳಿದ್ದೆ ನಾ."

ಡಿಸೆಂಬರಿಗೆ ಹೋಗಿ ಬಂದು ಬರೀತೀನಿ :) ಅಷ್ಟರೊಳಗೆ ನಿಮ್ಮಲ್ಲಿ ಯಾರಾದರೂ ಮುದ್ದೇನಹಳ್ಳಿ ಕಡೆಯ ಮಣ್ಣು ದಾರಿ ತುಳಿದಿದ್ದರೆ, ಹೊಸ ಜಲ್ಲಿ ಎಲ್ಲೆಲ್ಲಿ ಸುರಿದಿದ್ದಾರೆ ಅಂತ ದಯವಿಟ್ಟು ತಿಳಿಸಿ.