‘ವಯಸ್ಸಾಯಿತು’ ಎಂಬ ಮಾತು

ಗುರುವಾರ ಸಂಜೆ ಮಾನ್ವಿಯ ಮದ್ರಸಾದಲ್ಲಿ ಪಾಠ ಮುಗಿಸಿ ದೇವದುರ್ಗಕ್ಕೆ ಹೋಗುವುದು, ಮರುದಿನ ಅಬ್ಬಾರೊಂದಿಗೆ ಜುಮಾ ನಮಾಝ್ ನಿರ್ವಹಿಸುವುದು ನನ್ನ ವಾಡಿಕೆ. ಕಳೆದ ವರ್ಷ ಮಸೀದಿಯ ದಾರಿಯಲ್ಲಿ ಅವರು ಎರಡು ಕಡೆ ನಿಂತು ಏದುಸಿರು ಬಿಡತೊಡಗಿದರು. “ವಯಸ್ಸಾಯಿತು ಬೇಟಾ” ಎಂದರು. ವಯಸ್ಸು ಎಪ್ಪತ್ತೆರಡು, ಜೊತೆಗೆ ಹದಿನೈದು ವರ್ಷಗಳ ಸಕ್ಕರೆ ಕಾಯಿಲೆ. ನಾನೂ ಹೌದೆಂದೆ. ಅವರ ಕೈ ಹಿಡಿದು ನಡೆಸಿದೆ. ಅದನ್ನೇ ಸೇವೆಯೆಂದು ಭಾವಿಸಿದೆ.

ಮೂರು ತಿಂಗಳ ಬಳಿಕ ಒಂದು ದಿನ ಫಜ್ರ್‌ಗೆ ಮುನ್ನ ತಮ್ಮ ಫೋನ್ ಮಾಡಿದ. ಅಬ್ಬಾರ ಮೈಯೆಲ್ಲ ತಣ್ಣನೆಯ ಬೆವರು, ಹೊಟ್ಟೆಯ ಮೇಲ್ಭಾಗದಲ್ಲಿ ಸಂಕಟ. ಎದೆನೋವು ಇಲ್ಲ. “ಗ್ಯಾಸ್ ಇರಬೇಕು, ಸೋಡಾ ಕುಡಿಸು” ಎಂದವನು ನಾನೇ. ಎರಡು ಗಂಟೆ ಹೀಗೆಯೇ ಕಳೆದವು. ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆದಾಗ ಅದು ಹೃದಯಾಘಾತವೆಂದು ತಿಳಿಯಿತು. ರಕ್ತದ ಹೆಪ್ಪು ಕರಗಿಸುವ ಚುಚ್ಚುಮದ್ದು ನೀಡಿ, ಸುಮಾರು 50 ಕಿ.ಮೀ. ದೂರದ ರಾಯಚೂರಿಗೆ ಕಳುಹಿಸಿದರು.

ಅಲ್ಲಿನ ವೈದ್ಯರು ವಿವರಿಸಿದರು: ದೀರ್ಘಕಾಲದ ಸಕ್ಕರೆ ಕಾಯಿಲೆಯು ನರಗಳನ್ನು ಕುಗ್ಗಿಸುವುದರಿಂದ ಕೆಲವರಿಗೆ ಎದೆನೋವೇ ಬರುವುದಿಲ್ಲ. ವೃದ್ಧರಲ್ಲಿ ಏದುಸಿರು, ಅತಿಯಾದ ಆಯಾಸ, ಬೆವರು, ಹೊಟ್ಟೆಯ ಸಂಕಟಗಳೇ ಹೃದಯದ ಮುನ್ಸೂಚನೆಯಾಗಬಹುದು. ರಕ್ತದ ಹರಿವು ನಿಂತಷ್ಟು ಹೊತ್ತು ಹೃದಯದ ಸ್ನಾಯು ಸಾಯುತ್ತಾ ಹೋಗುತ್ತದೆ.

ಆಗ ನಾನು ಪ್ರತಿವರ್ಷ ಮಕ್ಕಳಿಗೆ ಕಲಿಸುವ ಹದೀಸ್ ನನ್ನನ್ನೇ ಚುಚ್ಚಿತು. ಉಸಾಮ ಬಿನ್ ಶರೀಕ್(ರ) ವರದಿ ಮಾಡಿದ, ಅಬೂದಾವೂದ್ ಹಾಗೂ ತಿರ್ಮಿದಿಯಲ್ಲಿರುವ ಆ ಹದೀಸಿನಲ್ಲಿ ಪ್ರವಾದಿ(ಸ)ರು ಚಿಕಿತ್ಸೆ ಪಡೆಯುವಂತೆ ಆದೇಶಿಸಿದ್ದಾರೆ. ಮದ್ದಿಲ್ಲದ್ದು ವೃದ್ಧಾಪ್ಯವೊಂದೇ ಎಂದಿದ್ದಾರೆ. ಅಂದರೆ ವೃದ್ಧಾಪ್ಯ ಬೇರೆ, ವೃದ್ಧರ ರೋಗ ಬೇರೆ. ಮದ್ದಿರುವ ರೋಗಕ್ಕೆ ನಾನು ಮದ್ದಿಲ್ಲದ ವೃದ್ಧಾಪ್ಯದ ಹೆಸರಿಟ್ಟಿದ್ದೆ. ತಾಳ್ಮೆಯೆಂದು ಭಾವಿಸಿದ್ದು ನಿರ್ಲಕ್ಷ್ಯವಾಗಿತ್ತು.

ಸಹೋದರರೇ, ನಿಮ್ಮ ಮನೆಯ ಹಿರಿಯರು ನಡೆಯುವಾಗ ನಿಂತರೆ, ಏಕೆ ನಿಂತರೆಂದು ವಿಚಾರಿಸಿರಿ. ಅವರ ರಕ್ತದೊತ್ತಡ, ಸಕ್ಕರೆ ಪರೀಕ್ಷಿಸಿಸಿರಿ. ಒತ್ತಡವು ಪದೇ ಪದೇ 140/90 ದಾಟಿದರೆ ವೈದ್ಯರನ್ನು ಕಾಣಿಸಿರಿ. ಈಗ ಆರಾಮವಿದೆಯೆಂದು ಮಾತ್ರೆ ಬಿಡಿಸಬೇಡಿರಿ. ದಿನಕ್ಕೆ 5 ಗ್ರಾಂ ಉಪ್ಪು ಸಾಕು. ರೊಟ್ಟಿಯ ಜೊತೆಗಿನ ಉಪ್ಪಿನಕಾಯಿಯೂ ಈ ಲೆಕ್ಕದಲ್ಲಿಯೇ ಬರುತ್ತದೆ. ಜರ್ದಾ, ಬೀಡಿಗಳನ್ನು ಬಿಡಿಸಿರಿ. ಅನುಮಾನ ಬಂದೊಡನೆ 108ಕ್ಕೆ ಕರೆ ಮಾಡಿರಿ. 2023ರಲ್ಲಿ ಆರಂಭವಾದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ರಾಜ್ಯದ ಹಲವು ತಾಲ್ಲೂಕು ಆಸ್ಪತ್ರೆಗಳಲ್ಲಿ ಹೆಪ್ಪು ಕರಗಿಸುವ ಚುಚ್ಚುಮದ್ದು ಉಚಿತವಾಗಿ ಸಿಗುತ್ತದೆ. ಆದರೆ ಅಲ್ಲಿಗೆ ಬೇಗ ತಲುಪಿಸುವ ಹೊಣೆ ನಮ್ಮದು.

ಅಬ್ಬಾ ಈಗ ಕುರ್ಚಿಯಲ್ಲಿ ಕುಳಿತು ನಮಾಝ್ ಮಾಡುತ್ತಾರೆ. ಮೊದಮೊದಲು ಸಂಕೋಚಪಟ್ಟರು, ನಿಲ್ಲಲಾಗದವರು ಕುಳಿತು ನಮಾಝ್ ಮಾಡಲು ಪ್ರವಾದಿ(ಸ)ರೇ ಅನುಮತಿಸಿದ್ದಾರೆಂದು ನೆನಪಿಸಿದೆ. ಆ ಎರಡು ಗಂಟೆಗಳ ಬಗ್ಗೆ ಅವರು ಒಮ್ಮೆಯೂ ನನ್ನನ್ನು ಕೇಳಲಿಲ್ಲ. ಅಲ್ಲಾಹನು ಕೇಳುವನು. ಅವನು ನನ್ನನ್ನು ಕ್ಷಮಿಸಲಿ, ನಮ್ಮೆಲ್ಲರ ಹಿರಿಯರಿಗೆ ಆರೋಗ್ಯ ಕರುಣಿಸಲಿ. ಆಮೀನ್.