ಅತ್ತೆಯ ಹಾಡು, ಹಳೆಯ ಕಂಪ್ಯೂಟರು

ಮನೆಯಲ್ಲಿ ಯಂತ್ರ ಕೆಟ್ಟರೆ ಗಂಡಸರನ್ನು ಕರೆಯುವುದು ನಮ್ಮ ರೂಢಿ. ಮಿಕ್ಸರ್ ನಿಂತರೂ ಅಷ್ಟೇ, ಗ್ಯಾಸ್ ಒಲೆ ಹತ್ತದಿದ್ದರೂ ಅಷ್ಟೇ. ಕಳೆದ ಶ್ರಾವಣದಲ್ಲಿ ನಮ್ಮ ಕಂಪ್ಯೂಟರು ಕಣ್ಣು ಮುಚ್ಚಿದಾಗ ಮಾತ್ರ ಕರೆಯಲು ಯಾರೂ ಇರಲಿಲ್ಲ. ನಮ್ಮವರು ಕಬ್ಬಿನ ಹೊಲದಲ್ಲಿ, ಮಗ ಪುಣೆಯಲ್ಲಿ.

ಅದು ಮಗನ ಕಾಲೇಜಿನ ಕಾಲದ್ದು. ಅವನು ಬಿಟ್ಟುಹೋದ ಮೇಲೆ ನಾನು ಅದರಲ್ಲಿ ‘ನುಡಿ’ ಹಾಕಿಸಿಕೊಂಡು ಕನ್ನಡ ಟೈಪು ಕಲಿತೆ. ನಮ್ಮ ಅತ್ತೆಯವರಿಗೆ ಬೀಸುವ ಹಾಡು, ಕುಟ್ಟುವ ಹಾಡು, ಸೋಬಾನೆ ಎಲ್ಲ ಬಾಯಿಪಾಠ. ಗಿರಣಿ ಬಂದು ಬೀಸುವ ಕಲ್ಲು ಮೂಲೆ ಸೇರಿದರೂ ಅವರು ಮರೆತಿರಲಿಲ್ಲ. ಮಧ್ಯಾಹ್ನ ಊಟವಾದ ಮೇಲೆ ಅವರು ಹೇಳುವುದು, ನಾನು ಟೈಪು ಮಾಡುವುದು. ಹೀಗೆ 41 ಹಾಡು ಸೇರಿದ್ದವು. ಮಾಘದಲ್ಲಿ ಅತ್ತೆ ತೀರಿಕೊಂಡರು. ಕಾಗದದ ಮೇಲೆ ಒಂದು ಹಾಡೂ ಇಲ್ಲ.

ಆ ದಿನ ಲೈಟು ಮೂರು ಸಲ ಹೋಗಿ ಬಂತು. ಆಮೇಲೆ ಸ್ವಿಚ್ಚು ಒತ್ತಿದರೆ ಒಳಗೆ ಫ್ಯಾನು ತಿರುಗುತ್ತದೆ, ಪರದೆ ಕಪ್ಪು, ಬರೀ ಪೀಂ ಪೀಂ ಎಂದು ಕೂಗು. ಮಗನಿಗೆ ಫೋನು ಮಾಡಿದೆ. “ಅವ್ವಾ, ಅದಕ್ಕ ವಯಸ್ಸಾಗೇತಿ, ಹೊಸಾದು ಕಳಸ್ತೀನಿ ಬಿಡು” ಅಂದ. ರಿಪೇರಿ ಹುಡುಗನನ್ನು ಕೇಳಿದರೆ, “ಫಾರ್ಮ್ಯಾಟ್ ಮಾಡಬೇಕಾಕ್ಕೇತ್ರಿ ಅಕ್ಕಾರ, ಒಳಗಿಂದೆಲ್ಲಾ ಹೋಗ್ತೈತಿ” ಅಂದ. ನನ್ನ ಎದೆ ಧಸಕ್ಕೆಂದಿತು.

ಕೊನೆಗೆ ಚಿಕ್ಕೋಡಿಯಲ್ಲಿ ಡಿಪ್ಲೊಮಾ ಓದುವ ಮೈದುನನ ಮಗಳು ನೆನಪಾದಳು. “ದೊಡ್ಡವ್ವಾ, ಯಾರಿಗೂ ಕೊಡಬ್ಯಾಡ. ಕೂಗಾಕತ್ತೇತಿ ಅಂದ್ರ ಅದರಾಗ ಇನ್ನೂ ಜೀವ ಐತಿ” ಅಂದಳು. ಕಂಪ್ಯೂಟರು ಎದ್ದ ಕೂಡಲೇ ತನ್ನ ಭಾಗಗಳನ್ನು ತಾನೇ ನೋಡಿಕೊಳ್ಳುತ್ತದಂತೆ. ರ‍್ಯಾಮ್ ಎಂಬ ಪಟ್ಟಿ ಸಿಗದಿದ್ದರೆ ಪರದೆ ಹತ್ತಿಸಲಾರದೆ ಹೀಗೆ ಕೂಗುತ್ತದೆ. ಕೂಗಿನ ಅರ್ಥ ಕಂಪನಿಗೊಂದು ಥರ. ಆ ಪಟ್ಟಿ ನಮ್ಮ ರೊಟ್ಟಿ ಬಡಿಯುವ ಮಣೆಯಿದ್ದಂತೆ, ಕೆಲಸ ಅದರ ಮೇಲೆ. ಹಾಡುಗಳಿರುವ ಹಾರ್ಡ್ ಡಿಸ್ಕು ಹಿಟ್ಟಿನ ಡಬ್ಬಿಯಂತೆ, ಅದೇ ಬೇರೆ. ಮಣೆ ಕೆಟ್ಟಿತೆಂದು ಹಿಟ್ಟು ಚೆಲ್ಲುತ್ತಾರೆಯೇ?

ಅವಳು ಫೋನಿನಲ್ಲಿ ಹೇಳಿದಂತೆ ಪ್ಲಗ್ಗು ಕಿತ್ತೆ. ಒಳಗಿನ ವಿದ್ಯುತ್ತು ಇಳಿಯಲೆಂದು ಸ್ವಿಚ್ಚನ್ನು ಹತ್ತು ಎಣಿಸುವವರೆಗೆ ಒತ್ತಿ ಹಿಡಿದೆ. ಪಕ್ಕದ ತಗಡು ಬಿಚ್ಚಿದರೆ, ಅಯ್ಯೋ, ಒಳಗೆಲ್ಲ ಹಳದಿ! ನಮ್ಮ ಮಂಗಸೂಳಿ ಖಂಡೋಬನ ಊರು, ಕರ್ನಾಟಕ ಮಹಾರಾಷ್ಟ್ರ ಎರಡೂ ಕಡೆಯ ಭಕ್ತರು ಬಂದು ಭಂಡಾರ ಹಾರಿಸುತ್ತಾರೆ. ಖಂಡೇಪೂಜೆಗೆ ನಾನೂ ವರ್ಷವರ್ಷ ಭಕ್ತಿಯಿಂದ ಕಂಪ್ಯೂಟರಿಗೆ ಭಂಡಾರ ಎರಚಿದ್ದೆ. ಅದೆಲ್ಲ ತೂತಿನೊಳಗಿಂದ ಇಳಿದು ಧೂಳಿನೊಡನೆ ಗಟ್ಟಿಯಾಗಿತ್ತು. ದೇವರು ಕ್ಷಮಿಸಲಿ, ಎಲ್ಲವನ್ನೂ ಒಣ ಬ್ರಷ್ಷಿನಿಂದ ಬಳಿದು ತೆಗೆದೆ. ಒದ್ದೆ ಬಟ್ಟೆ ಕೂಡದು. ಕರೆಂಟು ಬರುವ ಲೋಹದ ಡಬ್ಬಿಯನ್ನಂತೂ ಬಿಚ್ಚಲೇಬೇಡಿ, ಪ್ಲಗ್ಗು ತೆಗೆದರೂ ಅದರಲ್ಲಿ ವಿದ್ಯುತ್ತು ಉಳಿದಿರುತ್ತದೆ.

ಕಂಪ್ಯೂಟರಿನ ಲೋಹದ ಚೌಕಟ್ಟು ಮುಟ್ಟಿ, ಎರಡೂ ತುದಿಯ ಚಿಮಟಿಗೆ ಸರಿಸಿ ಪಟ್ಟಿಯನ್ನು ಹೊರತೆಗೆದೆ. ಬಂಗಾರದ ಬಣ್ಣದ ಅಂಚು ಮಳೆಗಾಲದ ಹಸಿಗೆ ಮಂಕಾಗಿತ್ತು. ಮಕ್ಕಳ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಒರೆಸಿ, ‘ಟಕ್’ ಎನ್ನುವವರೆಗೆ ಒತ್ತಿ ಕೂಡಿಸಿದೆ. ಮತ್ತೆ ಪೀಂ ಪೀಂ! ಅಳುವೇ ಬಂತು. “ಬಾಜೂ ಖಾಲಿ ಜಾಗಾದಾಗ ಹಾಕ ನೋಡು” ಅಂದಳು. ಹಾಕಿದೆ. ಒಂದೇ ಸಲ ‘ಪೀಂ’ ಎಂದು ಪರದೆ ಬೆಳಗಿತು. ತಾರೀಖು ಮಾತ್ರ 2009ರ ಜನವರಿ 1ಕ್ಕೆ ಹೋಗಿ ಕುಳಿತಿತ್ತು. ಅದಕ್ಕೆ ನಾಣ್ಯದಂಥ ಸೆಲ್ಲು, 3 ವೋಲ್ಟಿನದು, ಮೇಲೆ ಸಿಆರ್ 2032 ಎಂದಿರುತ್ತದೆ. ನಮ್ಮವರು ಉಗಾರದ ಗಡಿಯಾರದಂಗಡಿಯಿಂದ ತಂದುಕೊಟ್ಟರು. ಅಂದೇ ಎಲ್ಲ ಹಾಡನ್ನೂ ಎರಡು ಪೆನ್‌ಡ್ರೈವಿಗೆ ಇಳಿಸಿದೆ. ಒಂದು ಚಿಕ್ಕೋಡಿಗೆ ಹೋಯಿತು, ಇನ್ನೊಂದು ತಿಜೋರಿಯಲ್ಲಿ ಅತ್ತೆಯ ಬುಗುಡಿಯ ಜೊತೆಗಿದೆ.

41ನೆಯ ಹಾಡು ಎರಡೇ ಸಾಲಿಗೆ ನಿಂತಿದೆ. “ಸಾಕ ಬಿಡವ್ವಾ ಇವತ್ತ, ನಾಳಿ ಹೇಳ್ತೀನಿ” ಎಂದು ಅತ್ತೆ ಅಡ್ಡಾಗಿದ್ದರು. ಶೇಡಬಾಳದಲ್ಲಿ ಅವರ ತಂಗಿ ಇದ್ದಾರೆ. ಅವರಿಗೆ ಬರುತ್ತದೆಯೋ ಏನೋ, ದೀಪಾವಳಿಗೆ ಹೋದಾಗ ಕೇಳಬೇಕು.