ಹಾರುವ ಕಣ್ಣು

ತಾನಿರುವ ಊರನ್ನು ಮೇಲಿನಿಂದ ನೋಡಬೇಕೆಂಬ ಆಸೆ ಮನುಷ್ಯನಿಗೆ ಹೊಸದಲ್ಲ. ಚಾಮುಂಡಿ ಬೆಟ್ಟವನ್ನು ಹತ್ತಿದವರು ದೇವಿಯ ದರ್ಶನವಾದೊಡನೆ ಬೆಟ್ಟದ ಅಂಚಿಗೆ ಬಂದು ನಿಂತು, "ಅದೋ ಅರಮನೆ, ಅದೋ ಕೆರೆ, ಅದರಾಚೆ ನಮ್ಮ ಬೀದಿ" ಎಂದು ಬೆರಳು ಮಾಡಿ ತೋರಿಸುವುದುಂಟು. ದಿನವೂ ತಿರುಗಾಡುವ ಬೀದಿಯೇ ಆದರೂ ಮೇಲಿನಿಂದ ಕಂಡಾಗ ಅದಕ್ಕೊಂದು ಹೊಸ ಕಳೆ ಬಂದಿರುತ್ತದೆ. ಕೆಳಗಿದ್ದಾಗ ಗೋಡೆಗಳಷ್ಟೇ ಕಾಣುತ್ತಿದ್ದುವು. ಮೇಲೆ ಹೋದಾಗ ಮನೆಗೂ ಮನೆಗೂ, ಗದ್ದೆಗೂ ಕೆರೆಗೂ ಇರುವ ನಂಟು ಕಾಣುತ್ತದೆ.

ಈ ಆಸೆಗೆ ಛಾಯಾಚಿತ್ರದ ವಿದ್ಯೆ ಜೊತೆಯಾದುದು ಹತ್ತೊಂಬತ್ತನೆಯ ಶತಮಾನದಲ್ಲಿ. 1858ರಲ್ಲಿ ನಾದಾರ್ ಎಂಬ ಫ್ರೆಂಚ್ ಛಾಯಾಚಿತ್ರಗಾರನು ಪ್ಯಾರಿಸ್ಸಿನ ಹತ್ತಿರ ಬಲೂನಿನಲ್ಲಿ ಕುಳಿತು ನೆಲದ ಚಿತ್ರವನ್ನು ತೆಗೆದನು. ಆ ಚಿತ್ರ ಉಳಿದಿಲ್ಲ. 1860ರಲ್ಲಿ ಜೇಮ್ಸ್ ವಾಲೇಸ್ ಬ್ಲ್ಯಾಕ್ ಬಾಸ್ಟನ್ ನಗರವನ್ನು ಬಲೂನಿನಿಂದ ತೆಗೆದ ಚಿತ್ರ ಉಳಿದು ಬಂದಿದೆ. ಇವರಿಗಿಂತ ಸ್ವಾರಸ್ಯವಾದುದು ಜರ್ಮನಿಯ ಜೂಲಿಯಸ್ ನೊಯ್ಬ್ರೊನರನ ಕಥೆ. ಅವನು ಔಷಧದ ಅಂಗಡಿಯವನು. ಮದ್ದಿನ ಚೀಟಿಗಳನ್ನೂ ಮದ್ದನ್ನೂ ಪಾರಿವಾಳಗಳ ಮೂಲಕ ಕಳುಹಿಸುತ್ತಿದ್ದವನು. ಅದೇ ಪಾರಿವಾಳಗಳ ಎದೆಗೆ ಒಂದು ಪುಟ್ಟ ಕ್ಯಾಮರಾವನ್ನು ಕಟ್ಟಿ, ತಾನಾಗಿಯೇ ಚಿತ್ರ ತೆಗೆಯುವಂತೆ ಏರ್ಪಡಿಸಿ, 1908ರಲ್ಲಿ ಆ ಉಪಾಯಕ್ಕೆ ಹಕ್ಕುಪತ್ರವನ್ನು ಪಡೆದನು. ಪಾರಿವಾಳವು ಹೊರಬಲ್ಲ ಭಾರ ಹೆಚ್ಚೆಂದರೆ 75 ಗ್ರಾಂ. ಆದುದರಿಂದ ಅವನ ಮೊದಲ ಪ್ರಶ್ನೆ ಚಿತ್ರ ಎಷ್ಟು ಸೊಗಸಾಗಿ ಬಂದೀತು ಎಂಬುದಾಗಿರಲಿಲ್ಲ. ಹಕ್ಕಿಯ ಮೇಲೆ ಎಷ್ಟು ಭಾರ ಹೊರಿಸಬಹುದು ಎಂಬುದಾಗಿತ್ತು. ನೂರು ವರ್ಷಕ್ಕೂ ಹೆಚ್ಚು ಕಾಲ ಕಳೆದಿದೆ. ಪಾರಿವಾಳದ ಸ್ಥಾನದಲ್ಲಿ ನಾಲ್ಕು ರೆಕ್ಕೆಗಳ ಡ್ರೋನು ಬಂದಿದೆ. ಆದರೂ ಮೊದಲ ಪ್ರಶ್ನೆ ತೂಕದ್ದೇ ಆಗಿ ಉಳಿದಿದೆ.

ಹೊಸದಾಗಿ ಡ್ರೋನು ಕೊಳ್ಳಹೊರಟವನು ಮಾತ್ರ ಈ ಪ್ರಶ್ನೆಯನ್ನು ಕೇಳುವುದಿಲ್ಲ. ಅವನ ಕಣ್ಣೆಲ್ಲ ದೊಡ್ಡ ಸಂಖ್ಯೆಗಳ ಮೇಲೆ. ಎಷ್ಟು ದೂರ ಹೋಗುತ್ತದೆ? ಎಷ್ಟು ಎತ್ತರ ಏರುತ್ತದೆ? ಚಿತ್ರದಲ್ಲಿ ಎಷ್ಟು ಕೋಟಿ ಚುಕ್ಕೆಗಳು? ಒಂದು ಮನೆಯಲ್ಲಿ ಮೊಮ್ಮಗನು ತನ್ನ ಫೋನಿನಲ್ಲಿ ಬೆಲೆಪಟ್ಟಿಯನ್ನು ತೆರೆದುಕೊಂಡು ತಾತನ ಪಕ್ಕದಲ್ಲಿ ಕುಳಿತು, "ತಾತ, ಇದು ಹತ್ತು ಕಿಲೋಮೀಟರು ಹೋಗುತ್ತದಂತೆ!" ಎಂದನು.

"ಹೋಗಲಪ್ಪ. ಬಿದ್ದರೆ?"

"ಬೀಳುವುದಿಲ್ಲ ತಾತ. ತಾನೇ ದಾರಿ ಹುಡುಕಿಕೊಂಡು ಮನೆಗೆ ವಾಪಸು ಬರುತ್ತದೆ."

"ಸರಿ ಮಗು. ನಮ್ಮ ಹಿತ್ತಿಲಿನ ತೆಂಗಿನಕಾಯಿಯೂ ಬೀಳುವುದಿಲ್ಲ, ಬೀಳುವ ತನಕ."

ಹುಡುಗನಿಗೆ ಇದು ಮುದುಕರ ಅಡ್ಡಮಾತಾಗಿ ಕೇಳಿಸಿರಬಹುದು. ವಾಸ್ತವವಾಗಿ, ಮೊದಲ ಡ್ರೋನನ್ನು ಆರಿಸುವವನು ಅಂಗಡಿಯಲ್ಲಿ ಕೇಳಬೇಕಾದ ಪ್ರಶ್ನೆಗಳೆಲ್ಲ ತಾತನ ಆ ಒಂದು ಮಾತಿನಲ್ಲಿ ಅಡಗಿವೆ. ಏರುವ ಗುಣ ಎಲ್ಲ ಡ್ರೋನುಗಳಿಗೂ ಇದೆ. ಒಂದಕ್ಕೂ ಇನ್ನೊಂದಕ್ಕೂ ಇರುವ ತಾರತಮ್ಯ ತಿಳಿಯುವುದು ಅವು ಬೀಳುವ ಬಗೆಯಲ್ಲಿ, ಬಿದ್ದ ಮೇಲೆ ಆಗುವ ಅನಾಹುತದಲ್ಲಿ, ಮತ್ತೆ ಏಳುವ ಶಕ್ತಿಯಲ್ಲಿ.

ಒಂದು ಲೆಕ್ಕವನ್ನು ನೋಡಬಹುದು. ಮೂವತ್ತು ಮೀಟರ್ ಎತ್ತರದಿಂದ ಕಳಚಿದ ವಸ್ತುವು ಎರಡೂವರೆ ಸೆಕೆಂಡಿನಲ್ಲಿ ನೆಲಕ್ಕೆ ಬರುತ್ತದೆ. ಗಾಳಿಯ ತಡೆಯನ್ನು ಬಿಟ್ಟು ಎಣಿಸಿದರೆ ಆಗ ಅದರ ವೇಗ ಗಂಟೆಗೆ 85 ಕಿಲೋಮೀಟರನ್ನು ಮೀರಿರುತ್ತದೆ. ಆ ವಸ್ತು ಒಂದು ಮಾವಿನಹಣ್ಣಿನಷ್ಟು ತೂಗಿದರೆ ಆಗುವ ಪೆಟ್ಟು ಬೇರೆ, ಒಂದು ಸುಲಿಯದ ತೆಂಗಿನಕಾಯಿಯಷ್ಟು ತೂಗಿದರೆ ಆಗುವ ಪೆಟ್ಟು ಬೇರೆ. ಸರಕಾರಗಳು ಈ ಲೆಕ್ಕವನ್ನು ಬಲ್ಲವು. ಭಾರತದಲ್ಲಿ 2021ರ ಆಗಸ್ಟ್ 25ರಂದು ಪ್ರಕಟವಾದ ಡ್ರೋನ್ ನಿಯಮಗಳು 250 ಗ್ರಾಂ ವರೆಗಿನವನ್ನು 'ನ್ಯಾನೋ' ಎಂದೂ, ಅಲ್ಲಿಂದ ಎರಡು ಕಿಲೋ ವರೆಗಿನವನ್ನು 'ಮೈಕ್ರೋ' ಎಂದೂ ವಿಂಗಡಿಸಿದುವು. ನ್ಯಾನೋ ಹಾರಿಸುವವನಿಗೆ ಪೈಲಟ್ಟಿನ ಪ್ರಮಾಣಪತ್ರ ಬೇಕಿಲ್ಲವೆಂದು ಗೊತ್ತುಮಾಡಿದುವು. ಮೈಕ್ರೋ ವರ್ಗದ್ದನ್ನು ಸಂಪಾದನೆಗಲ್ಲದೆ ಕೇವಲ ಹವ್ಯಾಸಕ್ಕಾಗಿ ಹಾರಿಸುವವನಿಗೂ ಅದು ಬೇಡವಾಯಿತು.

ಕಾಯಿದೆಯ ತಕ್ಕಡಿಗೆ ತಕ್ಕಂತೆ ಯಂತ್ರಗಳೂ ಮೈ ಇಳಿಸಿಕೊಂಡುವು. 2019ರಲ್ಲಿ ಚೀನಾದ ಡಿಜೆಐ ಕಂಪನಿಯು ಹೊರತಂದ ಮ್ಯಾವಿಕ್ ಮಿನಿಯ ತೂಕ ಸರಿಯಾಗಿ 249 ಗ್ರಾಂ. ಜಪಾನಿನಲ್ಲಿ ಆಗ 200 ಗ್ರಾಂನ ಗಡಿ ಇದ್ದುದರಿಂದ, ಆ ದೇಶಕ್ಕೆಂದು ಹಗುರವಾದ ಬ್ಯಾಟರಿಯನ್ನು ಹಾಕಿ ಅದೇ ಯಂತ್ರವನ್ನು 199 ಗ್ರಾಂಗೆ ಇಳಿಸಿದರು. 2022ರಲ್ಲಿ ಜಪಾನು ತನ್ನ ಗಡಿಯನ್ನು 100 ಗ್ರಾಂಗೆ ತಗ್ಗಿಸಿದಾಗ ಆ ಜಾಣತನವೂ ಸಾಲದಾಯಿತು. ಅಂತೂ ಹೊಸಬನಿಗೆ 250 ಗ್ರಾಂನ ಒಳಗಿನದೇ ಲೇಸು. ಆದರೆ ಹಗುರತನಕ್ಕೂ ಒಂದು ಬೆಲೆ ಉಂಟು: ಜೋರಾದ ಗಾಳಿ ಬಂದರೆ ಇಂಥದು ತರಗೆಲೆಯಂತೆ ತೇಲಿಹೋಗುತ್ತದೆ. ಆಷಾಢದ ಗಾಳಿಯಲ್ಲಿ ಬಯಲುಸೀಮೆಯ ದಿಣ್ಣೆಯ ಮೇಲಾಗಲಿ, ಕರಾವಳಿಯ ದಂಡೆಯ ಮೇಲಾಗಲಿ ಅದನ್ನು ಬಿಡುವುದು ವಿವೇಕವಲ್ಲ. ಮಳೆಯನ್ನಂತೂ ಸಾಮಾನ್ಯವಾದ ಯಾವ ಡ್ರೋನೂ ತಾಳದು.

ಇನ್ನು ಕಲಿಯುವ ಬಗೆ. ಈಜು ಕಲಿಯುವವನು ಮೊದಲ ದಿನವೇ ತುಂಬಿದ ಹೊಳೆಗೆ ಇಳಿಯುವುದಿಲ್ಲ. ಹಾಗೆಯೇ, ಕೆಲವೇ ಸಾವಿರ ರೂಪಾಯಿಗೆ ದೊರಕುವ, ರೆಕ್ಕೆಗಳ ಸುತ್ತ ಬಳೆಯಂಥ ಕಾಪಿರುವ ಆಟದ ಡ್ರೋನೊಂದನ್ನು ಮೊದಲು ತಂದು, ಹಜಾರದಲ್ಲೋ ಶಾಲೆಯ ಸಭಾಂಗಣದಲ್ಲೋ ಕೆಲವು ವಾರ ಬೀಳಿಸಿ ಎಬ್ಬಿಸುವುದು ಒಳ್ಳೆಯದು. ಕಲಿಯಬೇಕಾದ ಮುಖ್ಯ ಪಾಠ ಒಂದೇ. ಡ್ರೋನಿನ ಮುಖ ಆಚೆಗಿದ್ದಾಗ ಬಲಗಡೆಯ ಗುಂಡಿ ಅದನ್ನು ಬಲಕ್ಕೆ ಒಯ್ಯುತ್ತದೆ. ಅದು ತಿರುಗಿ ಹಾರಿಸುವವನ ಕಡೆಗೆ ಮುಖಮಾಡಿದೊಡನೆ ಬಲವು ಎಡವಾಗುತ್ತದೆ. ಕನ್ನಡಿಯ ಮುಂದೆ ಮೊದಲ ಸಲ ಕ್ಷೌರ ಮಾಡಿಕೊಳ್ಳುವ ಹುಡುಗನ ಗೊಂದಲವೇ ಇದು. ಕನ್ನಡಿಯ ಮುಂದೆ ಕೆನ್ನೆ ಗಾಯವಾಗುತ್ತದೆ. ಇಲ್ಲಿ ಐವತ್ತು ಸಾವಿರದ ಯಂತ್ರ ಹಲಸಿನ ಮರಕ್ಕೆ ಹೋಗಿ ಸಿಕ್ಕಿಕೊಳ್ಳುತ್ತದೆ. ಕೈಗೆ ಈ ಪಾಠ ಹತ್ತಿದ ಮೇಲೆ ಕ್ಯಾಮರಾ ಉಳ್ಳದ್ದನ್ನು ಕೊಂಡರೆ ನಷ್ಟವಿಲ್ಲ.

ಒಳ್ಳೆಯ ಡ್ರೋನು ಆಕಾಶದಲ್ಲಿ ಗೂಟ ಹೊಡೆದಂತೆ ನಿಲ್ಲುತ್ತದೆ. ಅದರ ನಾಲ್ಕು ರೆಕ್ಕೆಗಳಲ್ಲಿ ಎರಡು ಪ್ರದಕ್ಷಿಣವಾಗಿಯೂ ಎರಡು ಅಪ್ರದಕ್ಷಿಣವಾಗಿಯೂ ತಿರುಗುವುದರಿಂದ ಮೈ ಬುಗುರಿಯಂತೆ ಸುತ್ತುವುದಿಲ್ಲ. ಉಪಗ್ರಹಗಳು ಅದಕ್ಕೆ ತಾನಿರುವ ಸ್ಥಳವನ್ನು ತಿಳಿಸುತ್ತವೆ. ವಾಯುಭಾರವು ಎತ್ತರವನ್ನು ತಿಳಿಸುತ್ತದೆ. ಹೊಟ್ಟೆಯ ಕೆಳಗಿನ ಪುಟ್ಟ ಕ್ಯಾಮರಾ ನೆಲವನ್ನು ನೋಡುತ್ತಿರುತ್ತದೆ. ಅಗ್ಗದ ಆಟಿಕೆಗೂ ನಿಜವಾದ ಡ್ರೋನಿಗೂ ಇರುವ ದೊಡ್ಡ ಭೇದ ಇದೇ. ಉಪಗ್ರಹದ ನೆರವಿಲ್ಲದ್ದನ್ನು ಬಯಲಿನಲ್ಲಿ ಹಾರಿಸಿದರೆ ಗಾಳಿ ಕರೆದತ್ತ ಅದು ಹೋಗುತ್ತದೆ. ಆದರೆ ಈ ಬುದ್ಧಿಗೂ ಮಿತಿಗಳಿವೆ. ಮನೆಯ ತಾರಸಿಯಿಂದ ಹಾರಿಸಿದರೆ ಕಾಂಕ್ರೀಟಿನೊಳಗಿನ ಕಬ್ಬಿಣದ ಸರಳುಗಳು ಅದರ ದಿಕ್ಸೂಚಿಗೆ ಭ್ರಮೆ ಹಿಡಿಸಬಹುದು. ಅಲುಗಾಡುವ ನೀರಿನ ಮೇಲೆ ತೀರ ಕೆಳಗೆ ಹಾರಿದರೆ ನೆಲ ನೋಡುವ ಕಣ್ಣು ಮೋಸಹೋಗುತ್ತದೆ. ಸಂಪರ್ಕ ತಪ್ಪಿದಾಗ ಮನೆಗೆ ಹಿಂದಿರುಗುವ ಗುಣವಿದ್ದರೂ, ಅದು ಮೊದಲೇ ಗೊತ್ತುಮಾಡಿದ ಎತ್ತರಕ್ಕೆ ಏರಿ ನೇರವಾಗಿ ಬರುತ್ತದೆ. ಆ ಎತ್ತರವು ತೋಟದ ತೆಂಗಿಗಿಂತ ಕಡಿಮೆಯಾಗಿದ್ದರೆ ಗತಿಯೇನು? ಅಡ್ಡ ಬಂದುದನ್ನು ಕಂಡು ನಿಲ್ಲುವ ಕಣ್ಣುಗಳು ಕೆಲವಕ್ಕೆ ಉಂಟು. ಅವು ಗೋಡೆಯನ್ನು ಕಾಣುತ್ತವೆ. ಕಂಬದಿಂದ ಕಂಬಕ್ಕೆ ಹಾದ ವಿದ್ಯುತ್ ತಂತಿಯನ್ನಾಗಲಿ ಎಲೆ ಉದುರಿದ ಸಣ್ಣ ರೆಂಬೆಯನ್ನಾಗಲಿ ಕಾಣುವುದು ಕಷ್ಟ. ಹತ್ತು ಕಿಲೋಮೀಟರಿನ ಮಾತಂತೂ ವ್ಯರ್ಥ. ಇಷ್ಟು ಚಿಕ್ಕ ಡ್ರೋನು ನಾಲ್ಕೈದು ನೂರು ಮೀಟರ್ ಆಚೆ ಹೋದರೆ ಕಣ್ಣಿಗೇ ಕಾಣದು. ಕಣ್ಣಿಗೆ ಕಾಣದ ಯಂತ್ರವನ್ನು ಹೊಸಬನು ಹಾರಿಸತಕ್ಕದ್ದಲ್ಲ.

ಚಿತ್ರದ ವಿಷಯದಲ್ಲಿಯೂ ಚುಕ್ಕೆಗಳ ಲೆಕ್ಕವನ್ನು ಬಿಟ್ಟು ಎರಡನ್ನು ನೋಡಬೇಕು. ಮೊದಲನೆಯದು, ಬೆಳಕನ್ನು ಹಿಡಿಯುವ ಸೆನ್ಸರಿನ ಅಗಲ. ಅಗಲವಾದ ಬಾಯಿಯ ಪಾತ್ರೆಯಲ್ಲಿ ಮಳೆನೀರು ಹೆಚ್ಚು ಸೇರುವಂತೆ ದೊಡ್ಡ ಸೆನ್ಸರಿನಲ್ಲಿ ಬೆಳಕು ಹೆಚ್ಚು ಸೇರುತ್ತದೆ. ಮುಂಜಾನೆಯ ಮತ್ತು ಮುಸ್ಸಂಜೆಯ ಚಿತ್ರಗಳು ಕದಡದೆ ಬರುತ್ತವೆ. ಎರಡನೆಯದು, ಕ್ಯಾಮರಾವನ್ನು ತೊಟ್ಟಿಲಿನಂತೆ ತೂಗಿಹಿಡಿಯುವ ಜಿಂಬಲ್. ಡ್ರೋನಿನ ಮೈ ಎಷ್ಟು ಓಲಾಡಿದರೂ ಕ್ಯಾಮರಾ ಅಲುಗದಂತೆ ಇದು ನೋಡಿಕೊಳ್ಳುತ್ತದೆ. ಜಿಂಬಲ್ ಇಲ್ಲದ ಡ್ರೋನಿನ ಚಿತ್ರವನ್ನು ನೋಡಿದರೆ, ಹಳ್ಳಬಿದ್ದ ರಸ್ತೆಯಲ್ಲಿ ಬಸ್ಸಿನ ಹಿಂದಿನ ಸೀಟಿನಲ್ಲಿ ಕುಳಿತ ಅನುಭವವಾಗುತ್ತದೆ.

ಪೆಟ್ಟಿಗೆಯ ಮೇಲೆ ಅರ್ಧ ಗಂಟೆಯ ಹಾರಾಟವೆಂದು ಬರೆದಿದ್ದರೆ ಇಪ್ಪತ್ತು ನಿಮಿಷವೆಂದು ಓದಿಕೊಳ್ಳುವುದು ಕ್ಷೇಮ. ಗಾಳಿಗೆ ಎದುರಾಗಿ ಹಿಂದಿರುಗಲು ಶಕ್ತಿ ಉಳಿದಿರಬೇಕಷ್ಟೆ. ಬ್ಯಾಟರಿಯನ್ನು ಪೂರ್ತಿ ತುಂಬಿಸಿ ವಾರಗಟ್ಟಲೆ ಇಡಬಾರದು. ಅರ್ಧದಷ್ಟು ತುಂಬಿಸಿ ತಂಪಾದ ಸ್ಥಳದಲ್ಲಿಡಬೇಕು. ಹೊಟ್ಟೆ ಉಬ್ಬಿದ ಬ್ಯಾಟರಿಗೆ ಮತ್ತೆ ವಿದ್ಯುತ್ತು ಕೊಡುವುದೆಂದರೆ ಬೆಂಕಿಯನ್ನು ಮನೆಗೆ ಕರೆದಂತೆ. ಬಿಡಿ ರೆಕ್ಕೆಗಳು ಸುಲಭವಾಗಿ ದೊರಕುತ್ತವೆಯೇ, ಬಿದ್ದು ಮುರಿದರೆ ಸರಿಮಾಡುವವರು ಹತ್ತಿರದಲ್ಲಿ ಇರುವರೇ ಎಂಬುದನ್ನೂ ವಿಚಾರಿಸಬೇಕು. ನಮ್ಮ ದೇಶದಲ್ಲಿ ಈ ವಿಚಾರಣೆ ಇನ್ನೂ ಮುಖ್ಯ. 2022ರ ಫೆಬ್ರವರಿ 9ರಂದು ಭಾರತ ಸರಕಾರವು ವಿದೇಶದ ಸಿದ್ಧ ಡ್ರೋನುಗಳ ಆಮದನ್ನು, ಸಂಶೋಧನೆ, ಸೇನೆ ಮತ್ತು ರಕ್ಷಣೆಯ ಕೆಲಸಗಳ ಹೊರತು, ನಿಷೇಧಿಸಿತು. ಬಿಡಿಭಾಗಗಳಿಗೆ ಮಾತ್ರ ತಡೆಯಿರಲಿಲ್ಲ. ವಿದೇಶದಿಂದ ಬರುವ ನೆಂಟರ ಪೆಟ್ಟಿಗೆಯಲ್ಲಿ ಒಂದನ್ನು ತರಿಸಿಕೊಳ್ಳೋಣ ಎನ್ನುವವರು ಇದನ್ನು ಮರೆಯಬಾರದು. ಅಂತೆಯೇ 2021ರ ನಿಯಮಗಳು ಆಕಾಶವನ್ನು ಹಸಿರು, ಹಳದಿ, ಕೆಂಪು ಎಂದು ಹಂಚಿ, ಹಸಿರು ಭಾಗದಲ್ಲಿ 400 ಅಡಿಯ ವರೆಗೆ ಮಾತ್ರ ಅನುಮತಿ ಕೇಳದೆ ಹಾರಿಸಲು ಬಿಟ್ಟವು. ಆ ನಕ್ಷೆ ಬದಲಾಗುತ್ತಿರುತ್ತದೆ. ಹಾರಿಸುವ ದಿನ ನೋಡಿಕೊಂಡೇ ಹೊರಡಬೇಕು.

ಇದುವರೆಗಿನದು ಯಂತ್ರದ ಬೀಳು. ಮನುಷ್ಯನ ಬೀಳು ಬೇರೊಂದಿದೆ. ತೊಟ್ಟಿಮನೆಯನ್ನು ಕಟ್ಟಿದ ಹಿರಿಯರು ಬೀದಿಯ ಕಡೆಗೆ ದಪ್ಪವಾದ ಗೋಡೆಯನ್ನೆಬ್ಬಿಸಿದರು. ಮೇಲಕ್ಕೆ ಮಾತ್ರ ಆಕಾಶವನ್ನು ತೆರೆದು ಬಿಟ್ಟರು. ಆ ಕಡೆಯಿಂದ ಇಣುಕುವವರು ಸೂರ್ಯಚಂದ್ರರು, ಕಾಗೆ ಗುಬ್ಬಿಗಳು. ಅವರಿಂದ ಮುಚ್ಚಿಡಬೇಕಾದುದೇನೂ ಇರಲಿಲ್ಲ. ಇಂದಿಗೂ ತಾರಸಿಯ ಮೇಲೆ ಹಪ್ಪಳ ಒಣಗಿಸುವ ಗೃಹಿಣಿ, ಹಿತ್ತಿಲಿನಲ್ಲಿ ಮಗುವಿಗೆ ಎಣ್ಣೆ ಹಚ್ಚಿ ನೀರೆರೆಯುವ ಅಜ್ಜಿ, ಅದೇ ನಂಬಿಕೆಯಲ್ಲಿ ಇದ್ದಾರೆ. ನೆರೆಮನೆಯ ಹುಡುಗನ ಡ್ರೋನು ತಲೆಯ ಮೇಲೆ ಬಂದು ಜೇನುಹುಳುವಿನಂತೆ ಗುಂಯ್ಗುಟ್ಟಿದೊಡನೆ ಆ ನಂಬಿಕೆ ಮುರಿಯುತ್ತದೆ. ಒಬ್ಬರ ಖಾಸಗಿ ಬಾಳು ಅವರ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟು 2017ರಲ್ಲಿ ತೀರ್ಪಿತ್ತಿತು. ಆ ಮೊಕದ್ದಮೆಯನ್ನು ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. ಆದರೆ ನೆರೆಹೊರೆಯ ಮಾತು ನ್ಯಾಯಸ್ಥಾನದ ತನಕ ಹೋಗಬೇಕೆ? ದೂರದ್ದನ್ನು ಹತ್ತಿರಕ್ಕೆಳೆಯುವ ಮಸೂರವು ಮೊದಲ ಡ್ರೋನಿಗೆ ಬೇಡವೆಂದು ಬಿಟ್ಟರೆ ಆಸೆಯ ಒಂದು ಬಾಗಿಲನ್ನು ಮುಚ್ಚಿದಂತಾಯಿತು. ಹಾರಿಸುವ ಮೊದಲು ಅಕ್ಕಪಕ್ಕದವರಿಗೆ ಒಂದು ಮಾತು ಹೇಳಿದರೆ, ಅವರೂ ಬಂದು ತಮ್ಮ ಮನೆಯನ್ನು ಮೇಲಿನಿಂದ ನೋಡಿ ಸಂತೋಷಪಡುವರು.

ಹಕ್ಕಿಗಳಿಗೆ ಹಾಗೆ ಹೇಳಿ ಹೋಗುವಂತಿಲ್ಲ. ಊರ ಹದ್ದುಗಳು ಡ್ರೋನನ್ನು ಕಂಡು ಎರಗುವುದುಂಟು. ರಂಗನತಿಟ್ಟಿನಂಥ ಸ್ಥಳದಲ್ಲಿ ಕೊಕ್ಕರೆಗಳು ಗೂಡು ಕಟ್ಟಿರುವಾಗ ತಲೆಯ ಮೇಲೆ ಇಂಥ ಶಬ್ದ ಬಂದರೆ ತಾಯಿಹಕ್ಕಿ ಗಾಬರಿಯಾಗಿ ಎದ್ದೀತು. ಮೊಟ್ಟೆಯೋ ಮರಿಯೋ ಬಿಸಿಲಿಗೆ ಬಿದ್ದೀತು. ಅಭಯಾರಣ್ಯಗಳಲ್ಲಿಯೂ ಹಂಪೆಯಂಥ ಸಂರಕ್ಷಿತ ಸ್ಮಾರಕಗಳ ಬಳಿಯಲ್ಲಿಯೂ ಅನುಮತಿಯಿಲ್ಲದೆ ಹಾರಿಸಕೂಡದೆಂಬುದು ಅಧಿಕಾರಿಗಳ ಹಟವಲ್ಲ. ಅಲ್ಲಿ ಬೀಳುವ ಒಂದು ಮಾವಿನಹಣ್ಣಿನ ತೂಕಕ್ಕೂ ಮುರಿಯಬಲ್ಲ ವಸ್ತುಗಳಿವೆ.

ಹೀಗೆ ಯೋಚಿಸಿ ಆರಿಸಿದವನಿಗೆ ದೊರಕುವುದು ಬಹಳ ಎತ್ತರಕ್ಕೆ ಏರುವ ಯಂತ್ರವಾಗಿರಲಾರದು. ಅದರಿಂದ ನಷ್ಟವೂ ಇಲ್ಲ. ನಾನೂರು ಅಡಿಯ ಮೇಲಿನಿಂದ ಎಲ್ಲ ಊರುಗಳೂ ಒಂದೇ ಬಗೆಯ ನಕ್ಷೆಗಳು, ಮನುಷ್ಯರು ಚುಕ್ಕೆಗಳು. ತೆಂಗಿನ ಗರಿಗಿಂತ ತುಸು ಮೇಲೆ, ಸುಗ್ಗಿ ಮುಗಿದ ಬಯಲಿನ ಅಂಚಿನಲ್ಲಿ, ಬೆಳಗಿನ ಏಳು ಗಂಟೆಯ ಓರೆಬಿಸಿಲಿನಲ್ಲಿ ತೆಗೆದ ಚಿತ್ರವೇ ಬೇರೆ. ಅಲ್ಲಿ ಹೆಂಚುಗಳ ಸಾಲು ಕಾಣುತ್ತದೆ, ಕಲ್ಯಾಣಿಯ ಮೆಟ್ಟಿಲುಗಳ ನೆರಳು ಕಾಣುತ್ತದೆ, ಕಣದಲ್ಲಿ ಹರಡಿದ ರಾಗಿಯ ಬಣ್ಣ ಕಾಣುತ್ತದೆ. ಅಂಗಳದಲ್ಲಿ ನಿಂತು ಹಣೆಗೆ ಕೈಯಡ್ಡ ಹಿಡಿದು ಮೇಲೆ ನೋಡುತ್ತಿರುವ ಮನೆಯ ಹಿರಿಯರ ಗುರುತೂ ಸಿಕ್ಕುತ್ತದೆ.